ಅವ್ವನಿಗೆ ಕೇಳುತ್ತಿದ್ದ ದನಿ

ಮೂವತ್ತನಾಲ್ಕು ತುಂಬುವುದಕ್ಕೆ ಇನ್ನು ಹನ್ನೊಂದು ದಿನ ಇದೆ ಎನ್ನುವಾಗ, ಅಡುಗೆಗೆಂದು ಅಕ್ಕಿ ತೊಳೆಯುತ್ತ ನಿಂತಿದ್ದ ಸುಗಂಧಾಳನ್ನು ಯಾರೋ ಹೆಸರು ಹಿಡಿದು ಕರೆದರು.

"ಸುಗಂಧಾ."

ಒಂದೇ ಸಲ. ಗಂಡಸಿನದೋ ಹೆಂಗಸಿನದೋ ಗೊತ್ತಾಗಲಿಲ್ಲ. ಅವಳು ನಲ್ಲಿ ನಿಲ್ಲಿಸಿದಳು. ಬಾಗಿಲು ತೆರೆದು ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಕೆಳಗಿನ ಮನೆಯವರು ಬೆಳಿಗ್ಗೆಯೇ ಬೀಗ ಹಾಕಿಕೊಂಡು ಮದುವೆಗೆ ಹೋಗಿದ್ದರು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಪಕ್ಕದಲ್ಲಿದ್ದ ಚೀಲದಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ರೆಕಾರ್ಡರ್ ತೆಗೆದಳು. ಅದು ಆರು ವರ್ಷದಿಂದ ಅವಳ ಜೊತೆಗಿತ್ತು, ಎಚ್ಚರವಿರುವಷ್ಟು ಹೊತ್ತೂ ಚಾಲೂ ಇರುತ್ತಿತ್ತು. ಎಲ್ಲಿಂದ ಬಂತೆಂದು ತಿಳಿಯದ ಸದ್ದು ಕೇಳಿದರೆ ಅವಳು ಮೊದಲು ಪಕ್ಕದವರ ಮುಖ ನೋಡುತ್ತಿದ್ದಳು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ರೆಕಾರ್ಡರ್ ಹಿಂದಕ್ಕೆ ಓಡಿಸಿ ಕೇಳುತ್ತಿದ್ದಳು. ಅದರಲ್ಲಿ ಸದ್ದು ಸಿಕ್ಕರೆ ಜೀವ ಬಂದಂತಾಗುತ್ತಿತ್ತು. ಈವರೆಗೆ ಪ್ರತಿ ಸಲವೂ ಸಿಕ್ಕಿತ್ತು.

ಆ ದಿನ ಸಿಗಲಿಲ್ಲ. ನೀರು ಬೀಳುವ ಸದ್ದಿತ್ತು, ಅಕ್ಕಿ ಪಾತ್ರೆಗೆ ತಾಗುವ ಸದ್ದಿತ್ತು, ದೂರದಲ್ಲೊಂದು ಬೈಕು ಹೋಗಿತ್ತು. ಹೆಸರು ಇರಲಿಲ್ಲ. ನಾಲ್ಕು ಸಲ ಕೇಳಿದಳು. ಆಮೇಲೆ ಅಕ್ಕಿಯನ್ನು ಹಾಗೇ ಬಿಟ್ಟು ನೆಲದ ಮೇಲೆ ಕುಳಿತಳು.

ಅವ್ವನಿಗೆ ಶುರುವಾಗಿದ್ದೂ ಮೂವತ್ತನಾಲ್ಕಕ್ಕೇ.

ಸುಗಂಧಾಳಿಗೆ ಆಗ ಎಂಟು ವರ್ಷ. ನಾಗವೇಣಿ, ಅವಳ ಅವ್ವ, ಮಗ್ಗದ ಮುಂದೆ ಕೂತವಳು ಲಾಳಿ ನಿಲ್ಲಿಸಿ ಗೋಡೆಯ ಕಡೆ ತಿರುಗಿ, "ಇಲ್ಲ, ನಾ ಹಂಗ ಮಾಡಿಲ್ಲ" ಎಂದಿದ್ದಳು. ಗೋಡೆಯ ಹತ್ತಿರ ಯಾರೂ ಇರಲಿಲ್ಲ. ತಿಂಗಳೊಳಗೆ ಕಿಟಕಿಗಳಿಗೆಲ್ಲ ಗೋಣಿಚೀಲ ಬಂತು. ಮೀಟರ್ ಡಬ್ಬಿಯೊಳಗೆ ಕೂತು ಯಾರೋ ಮಾತಾಡುತ್ತಾರೆಂದು ನಾಗವೇಣಿ ಅದರ ತಂತಿ ಕಿತ್ತು ಕೈ ಸುಟ್ಟುಕೊಂಡಳು. ಅಪ್ಪ ಸೊಲ್ಲಾಪುರದ ಮಿಲ್ಲಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಅವ್ವನ ತಂಗಿ ಕಮಲವ್ವ ಬಂದು ತಾಯಿ ಮಗಳಿಬ್ಬರನ್ನೂ ಬೆಟಗೇರಿಯ ತನ್ನ ಮನೆಗೆ ಕರೆದೊಯ್ದಳು. ಆಸ್ಪತ್ರೆ, ಮಾತ್ರೆ, ಮತ್ತೆ ಆಸ್ಪತ್ರೆ ಎಂದು ವರ್ಷಗಳು ಕಳೆದವು. ಮಾತ್ರೆಯಿಂದ ನಾಗವೇಣಿ ಶಾಂತಳಾದಳು. ಈಗ ಅರವತ್ತರ ಅವಳು ತಂಗಿಯ ಮಗ್ಗದ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತ ದಿನ ಕಳೆಯುತ್ತಿದ್ದಳು.

ತಾಯಿಗೋ ತಂದೆಗೋ ಈ ಕಾಯಿಲೆ ಇದ್ದರೆ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಬರಬಹುದು ಎಂದು ಹದಿನಾರನೆಯ ವಯಸ್ಸಿನಲ್ಲಿ ಸುಗಂಧಾ ಓದಿದ್ದಳು. ಉಳಿದ ಒಂಬತ್ತು ಮಕ್ಕಳು ಅವರ ಮನೆಯಲ್ಲಿರಲಿಲ್ಲ. ಇದ್ದವಳು ಅವಳೊಬ್ಬಳೇ. ಇಪ್ಪತ್ತೆರಡಕ್ಕೆ ಕೆಲಸ ಸಿಕ್ಕೊಡನೆ ಗದಗಿನಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಳು. ಬಂದ ಎರಡು ಸಂಬಂಧಗಳನ್ನು ಬೇಡವೆಂದಳು. ಗೆಳತಿಯರು ಹತ್ತಿರವಾಗುತ್ತಿದ್ದಾರೆ ಎನಿಸಿದಾಗ ತಾನೇ ಹಿಂದೆ ಸರಿದಳು. ನಾಳೆ ಗೋಡೆಯ ಜೊತೆ ಮಾತಾಡುವವಳಿಗೆ ಇವತ್ತು ಯಾರೂ ಅಂಟಿಕೊಳ್ಳುವುದು ಬೇಡ ಎಂಬುದು ಅವಳ ಲೆಕ್ಕವಾಗಿತ್ತು. ಭಾನುವಾರ ಬೆಟಗೇರಿಗೆ ಹೋದರೂ ಒಂದು ತಾಸು ಕೂತು ಎದ್ದುಬಿಡುತ್ತಿದ್ದಳು.

ಇಷ್ಟಾಗಿ ಅವಳ ಕೆಲಸ ಕೇಳುವುದೇ. ಗದಗಿನಾಚೆಯ ಗುಡ್ಡಗಳ ಮೇಲೆ ನೂರಹನ್ನೆರಡು ಗಾಳಿಯಂತ್ರಗಳಿದ್ದವು. ಪ್ರತಿಯೊಂದರ ಕುತ್ತಿಗೆಯಲ್ಲೂ ಸದ್ದು ಹಿಡಿಯುವ ಉಪಕರಣವಿತ್ತು. ಬೇರಿಂಗ್ ಸವೆದರೆ, ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಯಂತ್ರ ನಿಲ್ಲುವ ಎಷ್ಟೋ ದಿನ ಮೊದಲೇ ಅದರ ದನಿ ಬದಲಾಗುತ್ತದೆ. ಹೆಚ್ಚಿನದನ್ನು ಕಂಪ್ಯೂಟರೇ ಹಿಡಿಯುತ್ತಿತ್ತು. ಗಾಳಿ ಹುಚ್ಚೆದ್ದ ದಿನಗಳಲ್ಲಿ ಅದಕ್ಕೂ ಗೊಂದಲ. ಅದಕ್ಕಾಗಿ ಕಂಟ್ರೋಲ್ ರೂಮಿನಲ್ಲಿ ಪಾಳಿಗೆ ಇಬ್ಬರು ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದರು. ಸಂಶಯ ಬಂದರೆ ಗುಂಡಿ ಒತ್ತಬೇಕು. ಒತ್ತಿದರೆ ಯಂತ್ರ ನಿಲ್ಲುತ್ತದೆ, ಜನ ಹತ್ತಿ ನೋಡುತ್ತಾರೆ.

ಸುಗಂಧಾಳ ಜೊತೆ ಕೂರುವವರು ಇಮಾಮಸಾಬ್ ನದಾಫ. ಐವತ್ತರ ಮೇಲಿನ ವಯಸ್ಸು. ಅವರ ಅಪ್ಪ ಹತ್ತಿ ಹಿಂಜುವವರು. ಬಿಲ್ಲಿನ ಹುರಿ ಮಿಡಿದ ಸದ್ದಿನಲ್ಲೇ ಹತ್ತಿಯ ಗುಣ ಹೇಳುತ್ತಿದ್ದರಂತೆ. "ನಮ್ಮಪ್ಪನ ಕಿವಿ ನನಗ ಅರ್ಧಾ ಬಂದಾವ್ರಿ. ನಿಮಗ ಯಾರ ಕಿವಿ ಬಂದಾವೋ ಏನೋ, ಭಾಳ ಸೂಕ್ಷ್ಮ" ಎಂದು ಅವರೊಮ್ಮೆ ಮೆಚ್ಚಿ ಹೇಳಿದ್ದರು. ಅಂದು ಸುಗಂಧಾ ಊಟದ ಡಬ್ಬಿಯನ್ನು ಹಾಗೇ ವಾಪಸು ಒಯ್ದಿದ್ದಳು.

ಧಾರವಾಡದ ಹೊರಗಿನ ಸಂಶೋಧನಾ ಕೇಂದ್ರವೊಂದರಲ್ಲಿ ಅವ್ವನಂಥ ಕಾಯಿಲೆ ಬರಬಹುದೇ ಎಂದು ನೋಡಲು ತಲೆಗೆ ಒಳದನಿ ಪಟ್ಟಿ ಕಟ್ಟುತ್ತಾರೆಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ಮಾತು. ವಧೂವರರ ಕಡೆಯವರು ಜಾತಕದ ಜೊತೆ "ಪಟ್ಟಿ ಕಟ್ಟಿಸೀರೇನು?" ಎಂದು ಕೇಳತೊಡಗಿದ್ದರು. ಹಾಗೆ ಕೇಳಬಾರದೆಂದು ಕಾಯದೆ ಬಂತು. ಆಮೇಲೆ ಮೆಲ್ಲಗೆ ಕೇಳತೊಡಗಿದರು.

ಸುಗಂಧಾ ಧಾರವಾಡಕ್ಕೆ ಹೋಗುತ್ತೇನೆಂದಾಗ, "ಹೋಗಬ್ಯಾಡ" ಎಂದಳು ಕಮಲವ್ವ. "ಇಲ್ಲದ್ದನ್ನ ಯಾಕ ಕೆದಕತೀ? ಗೊತ್ತಾಗಿ ಏನ ಮಾಡಾಕಿ?"

"ಗೊತ್ತಿಲ್ಲದ ಏನ ಮಾಡೀನಿ ಚಿಗವ್ವಾ, ಇಷ್ಟ ವರ್ಷ?"

ಕಮಲವ್ವ ಎದ್ದು ಮಗ್ಗಕ್ಕೆ ಹೋದಳು. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ನಾಗವೇಣಿ ತಲೆಯೆತ್ತಲಿಲ್ಲ.

ಡಾಕ್ಟರ್ ಸುಮೇಧಾ ಕಟ್ಟಿ ಬೆಳ್ಳಿಗೂದಲಿನ, ಅವಸರವಿಲ್ಲದ ಹೆಂಗಸು. ಸುಗಂಧಾಳ ಮುಂದೆ ತೆಳ್ಳಗಿನ ಬೂದುಬಣ್ಣದ ಪಟ್ಟಿಯನ್ನಿಟ್ಟರು.

"ನಾವೆಲ್ಲಾರೂ ಮನಸಿನೊಳಗ ಮಾತಾಡತೇವಿ, ಹೌದಲ್ಲೊ? ಹಂಗ ಮಾತಾಡೂ ಮೊದಲ, ಮಿದುಳಿನ ಮಾತಿನ ಭಾಗ ಕೇಳೂ ಭಾಗಕ್ಕ ಒಂದು ಚೀಟಿ ಕಳಸ್ತದ. ಈಗ ಬರೋದು ನಂದೇ ಮಾತು, ಗಾಬರಿ ಆಗಬ್ಯಾಡ ಅಂತ. ಕೆಲವರಿಗೆ ಆ ಚೀಟಿ ಹೋಗಿ ಮುಟ್ಟೂದಿಲ್ಲ. ಆವಾಗ ತಮ್ಮದ ಮಾತು ಬ್ಯಾರೆ ಯಾರೋ ಆಡಿಧಂಗ ಕೇಳಸ್ತದ. ಈ ಪಟ್ಟಿ ಒಳಗಿನ ಮಾತನ್ನ ಹಿಡಿದು ಸದ್ದು ಮಾಡ್ತದ. ಯಾವುದಕ್ಕ ಚೀಟಿ ಬಂತು, ಯಾವುದಕ್ಕ ಬರಲಿಲ್ಲ ಅಂತನೂ ಬರಕೊಳ್ತದ. ಹದಿನಾಕು ದಿನ ಹಾಕ್ಕೊಂಡಿರಬೇಕು."

"ನನ್ನ ಮನಸಿನ್ಯಾಗ ಬಂದಿದ್ದೆಲ್ಲಾ ನೀವು ಕೇಳ್ತೀರೇನ್ರಿ?"

"ಚೀಟಿ ಬರಲಾರದ್ದಷ್ಟ ಕೇಳತೇನಿ. ಉಳಿದದ್ದು ನಿಮ್ಮದು."

"ನನ್ನ ಯಾರೋ ಕರದಂಗಾತು. ಒಂದ ಸಲ."

"ಒಂದ ಸಲ ಎಲ್ಲಾರಿಗೂ ಆಗ್ತದ" ಎಂದರು ಡಾಕ್ಟರ್. ಆ ಮಾತು ಸಮಾಧಾನಕ್ಕೆ ಹೇಳಿದಂತೆಯೇ ಕೇಳಿಸಿತು.

ಪಟ್ಟಿ ಕಾಣದಂತೆ ಸುಗಂಧಾ ತಲೆಗೊಂದು ಸ್ಕಾರ್ಫ್ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಥಂಡಿ ಎಂದರೆ ಇಮಾಮಸಾಬರು ನಂಬಿದರು. ಆ ದಿನಗಳಲ್ಲಿ ಅವಳು ತನ್ನೊಳಗೇ ತಾನು ಉಸಿರು ಬಿಗಿಹಿಡಿದು ನಡೆಯುತ್ತಿದ್ದಳು. ಏನಾದರೂ ಅನಿಸಿದರೆ, ಇದು ನಾನೇ ಅಂದುಕೊಂಡಿದ್ದೇ ಎಂದು ಕೇಳಿಕೊಳ್ಳುವಳು. ಹಾಗೆ ಕೇಳಿಕೊಂಡವರು ಯಾರು ಎಂದು ಮತ್ತೆ ಕೇಳಿಕೊಳ್ಳುವಳು. ಸಂಜೆ ಕೋಣೆಗೆ ಬಂದು ಟಿವಿ ಹಚ್ಚಿ, ಅದರಲ್ಲಿ ಯಾರೋ ಮಾತಾಡುತ್ತಿದ್ದರೆ ಸಾಕೆಂದು ಕೂರುವಳು.

ಒಂಬತ್ತನೆಯ ದಿನ ಮಧ್ಯಾಹ್ನ, ಅರವತ್ತೊಂದನೆಯ ಯಂತ್ರದ ದನಿಯೊಳಗೆ ಅವಳಿಗೊಂದು ಉಜ್ಜುವಿಕೆ ಕೇಳಿಸಿತು. ಒಣ ಬಟ್ಟೆಯಿಂದ ಹಿತ್ತಾಳೆ ತಿಕ್ಕಿದಂತೆ, ಸುತ್ತಿಗೊಮ್ಮೆ. ಕಂಪ್ಯೂಟರಿನ ಪರದೆ ಹಸಿರಾಗಿಯೇ ಇತ್ತು. ಇಮಾಮಸಾಬರ ಮುಖ ನೋಡಿದಳು. ಅವರು ಆಗ ಬೇರೆ ಗುಡ್ಡದ ಯಂತ್ರಗಳನ್ನು ಕೇಳುತ್ತ ಕಣ್ಣು ಮುಚ್ಚಿದ್ದರು. ಬೆರಳು ಗುಂಡಿಯ ಮೇಲೆ ಹೋಯಿತು. ಇದು ನಿಜವಾಗಿ ಇಲ್ಲದ ಸದ್ದಾಗಿದ್ದರೆ? ಜನ ಹತ್ತಿ, ಏನೂ ಸಿಗದೆ ಇಳಿದು ಬಂದು ತನ್ನ ಮುಖ ನೋಡಿದರೆ? ಸುಮ್ಮನಿರು ಎನಿಸಿತು. ಅವಳು ಬೆರಳು ತೆಗೆದಳು.

ಮರುದಿನ ಬೆಳಿಗ್ಗೆ ಇಮಾಮಸಾಬರೇ ಗುಂಡಿ ಒತ್ತಿದರು. "ಅರವತ್ತೊಂದ ಉಜ್ಜಾಕತ್ತೈತಿ ನೋಡ್ರಿ" ಎಂದರು. ಬೇರಿಂಗ್ ಅರ್ಧಕ್ಕರ್ಧ ಸವೆದಿತ್ತು. ಅದೇ ಬೆಳಿಗ್ಗೆ ಇಬ್ಬರು ಬಣ್ಣ ಬಳಿಯಲು ಆ ಕಂಬ ಹತ್ತಿದ್ದರು. ಅವರನ್ನು ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಇಳಿದವರು ನೀರು ಕುಡಿಯುತ್ತ ನಗುತ್ತಿದ್ದುದನ್ನು ಸುಗಂಧಾ ಕ್ಯಾಮೆರಾದಲ್ಲಿ ನೋಡಿದಳು.

ಹದಿನೈದನೆಯ ದಿನ ಮತ್ತೆ ಧಾರವಾಡ. ಡಾಕ್ಟರ್ ಕಟ್ಟಿ ಕಿಟಕಿಯ ಪರದೆ ಸರಿಸಿ, ಅವಳೆದುರು ಕುಳಿತರು.

"ಚೀಟಿ ಬರಲಾರದ ಮಾತು ಎರಡು ಅವ" ಎಂದರು. "ಕಾಯಿಲೆ ಇದ್ದವರಿಗೆ ಹದಿನಾಕು ದಿನದಾಗ ನೂರಾರು ಬರ್ತಾವ. ಇಲ್ಲದವರಿಗೆ ಒಂದು, ಇಲ್ಲಾ ಒಂದೂ ಇಲ್ಲ. ನಿಮಗ ಎರಡು. ಕೇಳ್ತೀರೇನು?"

ಸುಗಂಧಾ ತಲೆಯಾಡಿಸಿದಳು. ಪಟ್ಟಿ ಮಾಡುವ ಸದ್ದಿಗೆ ಮನುಷ್ಯರ ಕಂಠವಿರಲಿಲ್ಲ. ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿದಂತಿತ್ತು. ಮೊದಲನೆಯದು ಅವಳ ಹೆಸರು. ಎಂದೋ ನಿದ್ದೆ ಹತ್ತುವ ಹೊತ್ತಿನದು, ಅವಳಿಗೆ ನೆನಪೇ ಇರಲಿಲ್ಲ. ಎರಡನೆಯದು ಒಂಬತ್ತನೆಯ ದಿನ ಮಧ್ಯಾಹ್ನದ್ದು.

"ಸುಮ್ಮನಿರು."

ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಅದು ತನ್ನದೇ ತೀರ್ಮಾನವೆಂದು ಇಷ್ಟು ದಿನ ತನ್ನನ್ನು ತಾನು ಬೈದುಕೊಂಡಿದ್ದಳು.

"ಹಂಗಾದ್ರ ನನಗ ಐತೇನ್ರಿ?"

"ಇದು ಕಾಯಿಲೆ ಅಲ್ಲ. ಮುಂದ ಬರೂದ ಇಲ್ಲ ಅಂತ ಮಾತ್ರ ಹೇಳಲಾರೆ. ನಿಮ್ಮಂಥ ಹತ್ತು ಮಂದಿಯೊಳಗ ಮೂರು ಮಂದಿಗೆ ಬಂದದ, ಏಳು ಮಂದಿಗೆ ಬಂದಿಲ್ಲ. ನಿಮ್ಮ ತಾಯಿಯವರ ದಾಖಲೆನೂ ಸಿಕ್ಕರ, ಎರಡೂ ಹೋಲಿಸಿ ಇನ್ನಷ್ಟು ಖಚಿತ ಹೇಳಬಹುದು. ಮೂರು ಹೋಗಿ ಎರಡಾಗಬಹುದು, ನಾಕೂ ಆಗಬಹುದು."

"ಹೌದೋ ಅಲ್ಲೋ, ಎರಡರಾಗ ಒಂದು ಕೇಳಾಕ ಬಂದಿದ್ದೆ ನಾನು."

"ಗೊತ್ತದ" ಎಂದರು ಡಾಕ್ಟರ್. ಪಟ್ಟಿಯನ್ನು ಎತ್ತಿಡುತ್ತ, "ಆರು ತಿಂಗಳಿಗೊಮ್ಮೆ ಬರ್ರಿ. ನಿದ್ದಿ ಕೆಡಿಸಿಕೋಬ್ಯಾಡ್ರಿ. ಬಂದರೂ ಈಗ ಮೊದಲಿನಂಗಿಲ್ಲ, ಬೇಗ ಗೊತ್ತಾದರ ಭಾಳಷ್ಟು ತಡೀತೇವಿ. ಮತ್ತ, ಒಬ್ಬರ ಇರಬ್ಯಾಡ್ರಿ" ಎಂದರು.

"ಅದಕ್ಕ ಏನರ ಮಾತ್ರೆ ಐತೇನ್ರಿ?"

ಡಾಕ್ಟರಿಗೆ ನಗು ಬಂತು. ಸುಗಂಧಾಳಿಗೂ ಬಂತು, ಆದರೆ ಅವಳದು ಅರ್ಧಕ್ಕೇ ಅಳುವಾಯಿತು.

ಕೆಲಸದ ಜಾಗದಲ್ಲಿ ಇದನ್ನು ಹೇಳಬೇಕಾದ ಕಟ್ಟಳೆಯೇನೂ ಇರಲಿಲ್ಲ. ಆದರೆ ಕಂಬದಿಂದ ಇಳಿದು ನೀರು ಕುಡಿಯುತ್ತಿದ್ದ ಆ ಇಬ್ಬರ ಮುಖ ಕಣ್ಣಿಂದ ಹೋಗಲೊಲ್ಲದು. ಸುಗಂಧಾ ಇಮಾಮಸಾಬರ ಮುಂದೆ ಎಲ್ಲವನ್ನೂ ಹೇಳಿದಳು: ಅವ್ವನದು, ಪಟ್ಟಿಯದು, ಅರವತ್ತೊಂದರದು. ಅವರು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಪೂರಾ ಕೇಳಿದರು.

"ಮೊದಲ ಹೇಳಬೇಕಿತ್ತವಾ" ಎಂದರು. "ಸಂಶಯ ಬಂದ್ರ ನನಗ ಹೇಳ್ರಿ. ಇಬ್ರೂ ಕೇಳೂಣು. ಅಷ್ಟ ಅಲ್ಲೇನು?"

ಒಳ್ಳೆಯ ಮನುಷ್ಯ. ಅಂದು ಸಂಜೆ ಬಸ್ಸಿನಲ್ಲಿ ಕೂತಾಗ ಸುಗಂಧಾಳ ಎದೆ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಹಗುರಾಗಿತ್ತು. ಆದರೆ ಮರುದಿನ ಇಮಾಮಸಾಬರು ಅವಳಿಗೆ ಚಹಾ ಕೊಡುತ್ತ, "ಚಹಾ. ಬಿಸಿ. ಐತಿ. ನೋಡ್ಕೊಂಡು. ಕುಡೀರಿ" ಎಂದರು. ಒಂದೊಂದು ಮಾತನ್ನೂ ಬಿಡಿಸಿ, ಗಟ್ಟಿಯಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಹಾಗೆ ಮಾಡುತ್ತಿರುವುದು ಅವರಿಗೇ ಗೊತ್ತಿರಲಿಲ್ಲ. ವಾರ ಕಳೆದರೂ ಅದು ಹೋಗಲಿಲ್ಲ. ಎರಡು ಸಲ ಅವಳು ಸಂಶಯ ಹೇಳಿದಾಗ ಅವರು ಹೆಡ್‌ಫೋನಿಗಿಂತ ಮೊದಲು ಅವಳ ಕಣ್ಣನ್ನು ನೋಡಿದರು. ಸುಗಂಧಾ ಅವ್ವನನ್ನು ಹೀಗೆಯೇ ನೋಡುತ್ತಿದ್ದವಳು. ಇಪ್ಪತ್ತಾರು ವರ್ಷ.

ಅವ್ವನಿಗೆ ಪಟ್ಟಿ ಕಟ್ಟುವುದಕ್ಕೆ ಡಾಕ್ಟರ್ ಕಟ್ಟಿ ಒಂದು ಸೆಟ್ಟನ್ನು ಮನೆಗೇ ಕೊಟ್ಟರು. ಜೊತೆಗೊಂದು ಇಯರ್‌ಫೋನ್. "ಪಟ್ಟಿ ಸರಿಯಾಗಿ ಕೂತದೋ ಇಲ್ಲೊ ನೋಡಲಿಕ್ಕಷ್ಟ ಇದು. ಐದು ನಿಮಿಷ ಕೇಳಿದರ ಸಾಕು. ಮೊದಲ ಅವರನ್ನ ಕೇಳ್ರಿ, ಅವರು ಒಲ್ಲೆ ಅಂದರ ಬಿಡ್ರಿ" ಎಂದರು.

ಭಾನುವಾರ ಹನ್ನೊಂದರ ಹೊತ್ತಿಗೆ ಸುಗಂಧಾ ಬೆಟಗೇರಿಗೆ ಹೋದಾಗ ಒಳಗಿನ ಕೋಣೆಯಲ್ಲಿ ಕಮಲವ್ವನ ಮಗ್ಗ ನಡೆಯುತ್ತಿತ್ತು. ನಾಗವೇಣಿ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತಿದ್ದಳು. ಸುಗಂಧಾ ಅವಳ ಎದುರಿಗೆ ಕೂತು, ಪಟ್ಟಿಯನ್ನು ಕೈಯಲ್ಲಿ ಹಿಡಿದು, ತನಗೆ ಅರ್ಥವಾದ ಹಾಗೆ ಹೇಳಿದಳು. ಇದನ್ನು ಹಾಕಿಕೊಂಡರೆ ನಿನಗೆ ಕೇಳಿಸುವುದು ಇದರೊಳಗೆ ಬರುತ್ತದೆ. ನನಗೂ ಬರಬಹುದೇನೋ ಎಂದು ನೋಡುವುದಕ್ಕೆ ಬೇಕಾಗಿದೆ. ನೀನು ಬೇಡ ಅಂದರೆ ಬೇಡ.

ನನಗೂ ಬರಬಹುದು ಎಂಬ ಮಾತನ್ನು ಅವ್ವನ ಮುಂದೆ ಅವಳು ಎಂದೂ ಆಡಿರಲಿಲ್ಲ.

ನಾಗವೇಣಿ ರಾಟಿ ನಿಲ್ಲಿಸಿದಳು. ಬಹಳ ಹೊತ್ತು ಮಗಳನ್ನೇ ನೋಡಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿ ತಲೆ ಬಗ್ಗಿಸಿದಳು. ಅಷ್ಟು ವರ್ಷಗಳ ಮೇಲೆ ಸುಗಂಧಾ ಅವ್ವನ ಕೂದಲು ಮುಟ್ಟಿದಳು. ತೆಳ್ಳಗಾಗಿತ್ತು, ಕೊಬ್ಬರಿ ಎಣ್ಣೆಯ ವಾಸನೆಯಿತ್ತು. ಪಟ್ಟಿ ಕೂಡಿಸಿ, ಇಯರ್‌ಫೋನನ್ನು ತನ್ನ ಎರಡೂ ಕಿವಿಗಿಟ್ಟುಕೊಂಡಳು.

ಮೊದಲು ಬರೀ ಗುಂಯ್‌ಗುಡುವ ಸದ್ದು. ಅದರೊಳಗಿಂದ ಒಂದು ಮಾತು ಬಿಡಿಸಿಕೊಂಡು ಬಂತು. ಬೇರೆಯವರಿಗಾದರೆ ಬರೀ ಗದ್ದಲವಾಗಿರುತ್ತಿತ್ತೇನೋ. ಗಾಳಿಯೊಳಗಿಂದ ಸದ್ದು ಹೆಕ್ಕಿ ಪಳಗಿದ ಅವಳ ಕಿವಿಗೆ ಅಕ್ಷರ ಅಕ್ಷರವೂ ಸಿಕ್ಕಿತು.

"ಕುಂತಾಳ. ಕುಂತಾಳ ನೋಡು. ಕೈ ನಡಗತಾವ. ನೂಲು ಹರೀತು. ಏನೂ ಬರೂದಿಲ್ಲ ಈಕಿಗೆ. ಈಗ ಏಳತಾಳ."

ನಾಗವೇಣಿ ಎದ್ದಳು. ಒಳಗೆ ಹೋಗಿ ಒಲೆಯ ಹತ್ತಿರದಿಂದ ಗಂಗಾಳದಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಬರುವಷ್ಟು ಹೊತ್ತೂ ಆ ದನಿ ಬಿಡಲಿಲ್ಲ. ಹೆಜ್ಜೆ ಹೆಜ್ಜೆಗೂ ಹಿಂದೆ ಬರುತ್ತಿತ್ತು. ನಡುನಡುವೆ ಇನ್ನೊಂದು ದನಿ ನಗುತ್ತಿತ್ತು. ಮಾತ್ರೆ ತಗೊಂಡು ಶಾಂತವಾಗಿದ್ದಾಳೆ ಎಂದು ಮನೆಮಂದಿಯೆಲ್ಲ ಹೇಳುತ್ತಿದ್ದ ಶಾಂತಿ ಇದು.

ಅವ್ವ ಎದುರಿಗೆ ಬಂದು ಕೂತಳು.

"ಈಕಿ ನಿನ್ನ ಮಗಳಲ್ಲ" ಎಂದಿತು ದನಿ. "ನಿನ್ನ ಮಗಳನ್ನ ಯಾವಾಗೋ ಒಯ್ದಾರ. ಇದು ಬ್ಯಾರೆ. ಮುಖ ಅಷ್ಟ ಹಚಗೊಂಡು ಬಂದೈತಿ. ಉಣ್ಣಾಕ ಕೊಡಬ್ಯಾಡ. ಮಗಳಲ್ಲ. ಮಗಳಲ್ಲ. ಮಗಳಲ್ಲ."

ನಾಗವೇಣಿ ಗಂಗಾಳವನ್ನು ಮಗಳ ಕಡೆ ಸರಿಸಿದಳು.

"ಉಣ್ಣವಾ. ಬಿಸಿ ಐತಿ."

ಸುಗಂಧಾಳ ಕೈ ಮೇಲೇಳಲಿಲ್ಲ. ದನಿ ಅದನ್ನೇ ಹೇಳುತ್ತಿತ್ತು, ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ. ಅವಳು ಎದುರಿನ ಮುಖ ನೋಡಿದಳು. ಪ್ರತಿ ಭಾನುವಾರ ನೋಡಿದ್ದ ಅದೇ ಮುಖ.

"ಯಾವಾಗಿಂದ ಹಿಂಗ ಅಂತೈತಿ ಅವ್ವಾ?"

"ಏನು?"

"ನಾ ನಿನ್ನ ಮಗಳಲ್ಲ ಅಂತ."

ನಾಗವೇಣಿ ಗಂಗಾಳದಿಂದ ಕೈ ತೆಗೆದಳು. ಬಾಗಿಲ ಕಡೆ ನೋಡಿದಳು, ಮೇಲೆ ನೋಡಿದಳು, ಮತ್ತೆ ಮಗಳ ಕಿವಿಯನ್ನು ನೋಡಿದಳು.

"ನಿನಗ ಕೇಳಸ್ತೇನು?"

"ಕೇಳಸ್ತು."

"ಖರೇನ?"

"ಖರೇನ ಅವ್ವಾ. ಒಂದು ಬಯ್ಯತೈತಿ, ಒಂದು ನಗತೈತಿ."

"ಹೂಂ. ನಗೂದು ಬರೇ ನಗತೈತಿ. ಅದೇನೂ ಮಾಡೂದಿಲ್ಲ." ನಾಗವೇಣಿ ಮುಂದಕ್ಕೆ ಸರಿದು ಕೂತಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಮುಖದಲ್ಲಿ ಅಳುವಿರಲಿಲ್ಲ. ಬಹುದಿನದ ಮೇಲೆ ತನ್ನೂರಿನವರು ಸಿಕ್ಕವರ ಹಾಗೆ ಗಡಬಡಿಸಿ ಮಾತಾಡತೊಡಗಿದಳು. "ನೀ ಸಣ್ಣಾಕಿ ಇದ್ದಾಗಿಂದ ಅಂತೈತಿ. ಯಾರ ಮುಂದ ಹೇಳಲಿ? ಇಲ್ಲ ಅಂತಾರ. ಇಲ್ಲ, ಇಲ್ಲ, ಏನೂ ಇಲ್ಲ ಅಂತಾರ ಎಲ್ಲಾರೂ. ನಿಮ್ಮ ಚಿಗವ್ವನೂ ಅಂತಾಳ. ಡಾಕ್ಟರನೂ ಅಂತಾನ. ನೀನೂ ಅಂತಿದ್ದಿ."

"ಅಂತಿದ್ದೆ."

"ನಾ ಅದರ ಮಾತ ನಂಬೂದಿಲ್ಲ" ಎಂದಳು ನಾಗವೇಣಿ. ದನಿ ಇಳಿಸಿ ಸೇರಿಸಿದಳು. "ಒಮ್ಮೊಮ್ಮೆ ನಂಬತೀನಿ. ನಂಬಿಧಾಂಗ ಆದಾಗೂ, ಯಾರದರ ಮಗಳ ಇರಲಿ, ಹಸಗೊಂಡ ಬಂದಿರತೈತಿ ಅಂತ ಉಣ್ಣಾಕ ಹಾಕತೀನಿ."

ಸುಗಂಧಾ ತಲೆ ತಗ್ಗಿಸಿದಳು. ದನಿ ನಿಂತಿರಲಿಲ್ಲ. ಈಗ ಅದು, ಅಳತಾಳ ನೋಡು, ಸುಳ್ಳ ಅಳತಾಳ, ಎನ್ನುತ್ತಿತ್ತು. ಗೋಡೆಯ ಗಡಿಯಾರ ನೋಡಿದಳು, ಹನ್ನೊಂದು ನಿಮಿಷವಾಗಿತ್ತು. ಹನ್ನೊಂದು ನಿಮಿಷಕ್ಕೇ ಅವಳಿಗೆ ಅದನ್ನು ಕಿತ್ತೆಸೆಯಬೇಕೆನಿಸಿತ್ತು. ಆದರೂ ತೆಗೆಯಲು ಮನಸ್ಸಾಗಲಿಲ್ಲ. ತೆಗೆದರೆ ಅವ್ವ ಮತ್ತೆ ಒಬ್ಬಳೇ ಆಗುತ್ತಾಳೆ.

ನಾಗವೇಣಿಯೇ ಕೈ ಚಾಚಿದಳು. ಮಗಳ ಕಿವಿಯಿಂದ ಒಂದನ್ನು ಬಿಡಿಸಿದಳು, ಆಮೇಲೆ ಇನ್ನೊಂದನ್ನು.

"ಸಾಕು ತಗೀ" ಎಂದಳು. "ಭಾಳ ಹೊತ್ತು ಕೇಳಬಾರದು ಅದನ್ನ. ರೂಢಿ ಇಲ್ಲ ನಿನಗ."

"ನಾಳೆ ನನಗೂ ಬಂದ್ರ ಅವ್ವಾ?"

ಒಳಗೆ ಮಗ್ಗ ನಿಂತಿತು; ಕಮಲವ್ವ ನೂಲು ಕಟ್ಟುತ್ತಿದ್ದಳೇನೋ. ನಾಗವೇಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಸ್ನಾನ ಮಾಡಿಸಿದ ಮಗುವಿಗೆ ಒರೆಸುವ ಹಾಗೆ, ಮಗಳ ಕಿವಿಗಳನ್ನು ಮೆಲ್ಲಗೆ ಒರೆಸಿದಳು.

"ಬಂದ್ರ ನನಗ ಹೇಳು. ಏನೇನ ಅಂತೈತಿ ಎಲ್ಲಾ ಹೇಳು" ಎಂದಳು. "ನಾ ಇಲ್ಲ ಅನ್ನೂದಿಲ್ಲ."